ಎಡಕ್ಕೆ ಹೋದ ಅಡುಗೆಮನೆ

ಕಮೋಡಿನ ಮುಚ್ಚಳ ಮುಚ್ಚಿ. ಮಾರಾಟಕ್ಕಿಟ್ಟ ಮನೆಗಳ ಫೋಟೋ ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ 'ಮೇಡಂ, ಒಂದು ಟಿಪ್ ಕೊಡಿ' ಎಂದರೆ ನಾನು ಮೊದಲು ಹೇಳುವ ಮಾತು ಇದು. ಅವರಿಗೆ ನಗು ಬರುತ್ತದೆ. ಲೆನ್ಸು, ಲೈಟು, ಡ್ರೋನು ಅಂತ ದೊಡ್ಡ ದೊಡ್ಡ ಸಂಗತಿ ಕೇಳಲು ಬಂದಿರುತ್ತಾರೆ, ಈ ಮುದುಕಿ ಕಮೋಡಿನಿಂದ ಶುರು ಮಾಡುತ್ತಾಳೆ. ನಗಲಿ. ಲಕ್ಷಣವಾದ ಮನೆಯ ಹತ್ತು ಫೋಟೋಗಳ ನಡುವೆ ಮುಚ್ಚಳ ತೆರೆದ ಕಮೋಡು ಒಂದಿದ್ದರೆ ನೋಡಿದವರ ತಲೆಯಲ್ಲಿ ಉಳಿಯುವುದು ಅದೊಂದೇ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ನಿಮಗೆ ಪುಕ್ಕಟೆ ಹೇಳಿದ್ದೇನೆ.

ಕೆಲಸ ಬಿಟ್ಟು ವರ್ಷವಾಯಿತು. ಬಿಡಿಸಿದ್ದು ವಯಸ್ಸಲ್ಲ, ಮಂಡಿ. ನಿಂತು ತೆಗೆದರೆ ಕೋಣೆ ಬಾವಿಯೊಳಗೆ ಇಣುಕಿದ ಹಾಗೆ ಕಾಣುತ್ತದೆ. ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಸಬೇಕು. ಹಾಗೆ ದಿನವಿಡೀ ಕುಕ್ಕರಗಾಲಲ್ಲಿ ಕೂತು ಎದ್ದು, ಕೂತು ಎದ್ದು, ಎರಡೂ ಮಂಡಿ ಕೈಕೊಟ್ಟವು. ಈಗಿನವರು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಒಳ್ಳೆಯದೇ ಆಯಿತು, ಅವರ ಮಂಡಿಯಾದರೂ ಉಳಿಯಲಿ.

ನಾನು ಕೆಲಸ ಕಲಿತದ್ದು ಮಾರತ್ತಹಳ್ಳಿಯ ಒಂದು ಸ್ಟುಡಿಯೋದಲ್ಲಿ. ಪಾಸ್‌ಪೋರ್ಟ್ ಸೈಜ್ ಫೋಟೋ, ನಾಮಕರಣ, ಆಗೀಗ ಒಂದು ಮದುವೆ. ಆಮೇಲೆ ಸುತ್ತಮುತ್ತ ಆಫೀಸುಗಳೆದ್ದವು, ಆಫೀಸಿನವರಿಗೆ ಪಿಜಿಗಳೆದ್ದವು, ಸ್ಟುಡಿಯೋ ಇದ್ದ ಕಟ್ಟಡವೂ ಪಿಜಿಯಾಯಿತು. ನಾನು ಮನೆ ಮಾರಿಸಿಕೊಡುವ ಒಂದು ಏಜೆನ್ಸಿಗೆ ಸೇರಿಕೊಂಡೆ. ಅಲ್ಲಿಯವರೆಗೂ ಆ ಆಫೀಸಿನ ಹುಡುಗರೇ ತಮ್ಮ ಫೋನಿನಲ್ಲಿ ಮನೆಗಳ ಫೋಟೋ ತೆಗೆಯುತ್ತಿದ್ದರಂತೆ. ಹಳೆಯ ಫೈಲು ತೆರೆದು ನೋಡಿದೆ. ಅರ್ಧ ಫೋಟೋದಲ್ಲಿ ಅವರ ಹೆಬ್ಬೆರಳಿತ್ತು, ಇನ್ನರ್ಧದಲ್ಲಿ ಬೀರುವಿನ ಕನ್ನಡಿಯೊಳಗೆ ಅವರೇ ಹಲ್ಲು ಕಿರಿದು ನಿಂತಿದ್ದರು. ಹಗ್ಗದ ಮೇಲೆ ಒಳಉಡುಪು, ಸಿಂಕಿನಲ್ಲಿ ಹಿಂದಿನ ದಿನದ ಸಾರಿನ ಪಾತ್ರೆ. ಆ ಮನೆಗಳನ್ನು ಕಟ್ಟಿದವರ ಹೊಟ್ಟೆ ಉರಿಯುವುದಿಲ್ಲವೇ? ಒಳ್ಳೆಯ ಫೋಟೋ ಅಂದರೆ ಶೋಕಿ ಅಂತ ತಿಳಿದವರು ಇವತ್ತಿಗೂ ಇದ್ದಾರೆ. ಕೊಳ್ಳುವವರು ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ನಿಂತ ಬಸ್ಸಿನೊಳಗೆ ಕೂತು ಫೋನು ಉಜ್ಜುತ್ತಿರುತ್ತಾರೆ. ಬೆರಳೆತ್ತಿ ಇಳಿಸುವಷ್ಟರಲ್ಲಿ ಒಬ್ಬರ ಮನೆಯ ಹಣೆಬರಹ ಮುಗಿದಿರುತ್ತದೆ. ಅದಕ್ಕೇ ಫೋಟೋ ಸರಿಯಾಗಿರಬೇಕು.

ಶುರುವಿನ ದಿನಗಳಲ್ಲಿ ಪಟ್ಟಂದೂರು ಅಗ್ರಹಾರದ ಮುನಿಯಪ್ಪ ಅಂತ ಒಬ್ಬ ಯಜಮಾನರು ಸಿಕ್ಕಿದ್ದರು. ಹೊಲ ಹೋದಮೇಲೆ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು, ಅದರಲ್ಲೊಂದನ್ನು ಮಾರುವವರಿದ್ದರು. ನಾನು ಕ್ಯಾಮೆರಾ ಎತ್ತಿದರೆ ಸಾಕು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಬಂದು ಎದುರಿಗೆ ನಿಂತುಬಿಡುವರು.

"ಯಜಮಾನ್ರೇ, ಸ್ವಲ್ಪ ಆ ಕಡೆ ಹೋಗ್ತೀರಾ, ಮನೆ ಮಾತ್ರ ಸಾಕು" ಎಂದೆ.

"ಅದ್ಯಾಕಮ್ಮ? ಮನೆ ಕಟ್ಸಿದ್ದು ನಾನು, ಫೋಟೋದಾಗೆ ನಾನ್ ಬ್ಯಾಡ್ವಾ? ಇಂಗೇ ನಿಂತಿರ್ತೀನಿ, ಒಡಿ ನೀನು."

ಹಾಲಿನಲ್ಲಿ ನಿಂತರು, ಅಡುಗೆಮನೆಯಲ್ಲಿ ನಿಂತರು, ಬಚ್ಚಲಿನಲ್ಲೂ ಗೀಸರಿನ ಪಕ್ಕ ಗಂಭೀರವಾಗಿ ನಿಂತರು. ಆಫೀಸಿನಲ್ಲಿ ನಮ್ಮ ಮ್ಯಾನೇಜರ್ ಪ್ರದೀಪ್ ಸಾರ್ ಒಂದೊಂದನ್ನೇ ನೋಡಿ, "ಏನ್ರೀ ಸರೋಜಮ್ಮ ಇದು, ಮನೆ ಮಾರ್ತಿದೀವೋ ಯಜಮಾನ್ರನ್ನ ಮಾರ್ತಿದೀವೋ?" ಎಂದರು. ಬೇರೆ ಫೋಟೋ ಇಲ್ಲದೆ ಅವನ್ನೇ ಹಾಕಿದೆವು. ಆ ಮನೆ ಬೇಗನೇ ಹೋಯಿತು. ಕೊಂಡವರನ್ನು ಕೇಳಿದರೆ, ಆ ತಾತ ನಿಂತಿದ್ದರಿಂದ ಬಾಗಿಲು ಎಷ್ಟೆತ್ತರ, ಕೋಣೆ ಎಷ್ಟಗಲ ಅಂತ ಸರಿಯಾಗಿ ತಿಳಿಯಿತು, ಬೇರೆ ಮನೆಗಳಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ ಎಂದರು.

ಬುದ್ಧಿ ಇದ್ದವಳು ಅಲ್ಲೇ ಪಾಠ ಕಲಿಯಬೇಕಿತ್ತು. ನಾನು ಕಲಿಯಲಿಲ್ಲ. ಆಗಷ್ಟೇ ಆಫೀಸಿಗೆ ಅಗಲದ ಲೆನ್ಸು ಬಂದಿತ್ತು, ಅದನ್ನು ಹಾಕಿದರೆ ಕೋಳಿಗೂಡೂ ಕಲ್ಯಾಣಮಂಟಪವಾಗುತ್ತಿತ್ತು. ಹಾಗೆ ತೆಗೆದ ಒಂದು ಬೆಡ್‌ರೂಮನ್ನು ನೋಡಲು ಎಲೆಕ್ಟ್ರಾನಿಕ್ ಸಿಟಿಯಿಂದ ರಜಾ ಹಾಕಿಕೊಂಡು ಗಂಡ ಹೆಂಡತಿ ಬಂದರು. ಕೋಣೆಗೆ ಕಾಲಿಟ್ಟದ್ದೇ ಆ ಗಂಡ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ನೆಲದ ಮೇಲೆ ಅಂಗಾತ ಮಲಗಿದ. ತಲೆ ಬಾಗಿಲಿಗೆ ತಾಗಿತು, ಕಾಲು ಗೋಡೆಗೆ ತಾಗಿತು. ಹೆಂಡತಿ ನನ್ನ ಕಡೆ ತಿರುಗಿ, "ಫೋಟೋ ತೆಗೆದಿದ್ದು ನೀವೇನಾ ಮೇಡಂ?" ಎಂದಳು. ಹೂಂ ಎಂದೆ. "ಹಾಗಾದ್ರೆ ನಮ್ಮೆಜಮಾನ್ರದ್ದೂ ಒಂದು ತೆಗೀರಿ, ಸ್ವಲ್ಪ ಎತ್ತರ ಕಾಣ್ಲಿ." ನಗುನಗುತ್ತಲೇ ಅಂದಳು, ನನಗೆ ಮಾತ್ರ ಕಪಾಳಕ್ಕೆ ಕೊಟ್ಟ ಹಾಗಾಯಿತು. ಅಂದಿನಿಂದ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಯನ್ನಾದರೂ ಇಟ್ಟು ತೆಗೆಯುತ್ತಿದ್ದೆ. ಪ್ಲಾಸ್ಟಿಕ್ ಕುರ್ಚಿ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಗೊತ್ತು.

ಪ್ರದೀಪ್ ಸಾರ್ ಬಗ್ಗೆ ಹೇಳಬೇಕು. ಜೇಬಿನಲ್ಲಿ ಮಡಿಚಿದ ಕರ್ಚೀಫು, ಮೇಜಿನ ಮೇಲೆ ಒಂದು ಧೂಳಿನ ಕಣವಿಲ್ಲ. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ಅವರದು ಎರಡು ಕಟ್ಟಪ್ಪಣೆ. ಫೋಟೋದಲ್ಲಿ ದೇವರ ಪಟ, ಕ್ಯಾಲೆಂಡರು, ಗಡಿಯಾರ, ಮಕ್ಕಳ ಸರ್ಟಿಫಿಕೇಟು ಏನೂ ಕಾಣಬಾರದು. ಕೊಳ್ಳುವವರು ಅಲ್ಲಿ ತಮ್ಮ ಸಂಸಾರವನ್ನು ಇಟ್ಟು ನೋಡಬೇಕೇ ಹೊರತು ಇನ್ನೊಬ್ಬರ ಸಂಸಾರವನ್ನಲ್ಲ. ಇದು ಒಂದು. ಇನ್ನೊಂದು, ಮೊದಲ ಫೋಟೋದಲ್ಲಿ ಬೆಳಕು ಎಡಗಡೆಯಿಂದಲೇ ಬರಬೇಕು. ನಾವು ಓದುವುದು ಎಡದಿಂದ ಬಲಕ್ಕೆ, ಕಣ್ಣೂ ಹಾಗೇ ಹೋಗುತ್ತದೆ ಎನ್ನುವರು. ಕಿಟಕಿ ಬಲಗಡೆ ಇದ್ದರೆ? ಫ್ಲಿಪ್ ಮಾಡಿ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಕನ್ನಡಿಯಲ್ಲಿ ನೋಡಿದ ಹಾಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗುತ್ತದೆ. ಬರೀ ಮಂಚ, ಬರೀ ಬಾಲ್ಕನಿ ಇದ್ದ ಫೋಟೋಗಳನ್ನು ಎಷ್ಟೋ ಸಲ ಹಾಗೆ ತಿರುಗಿಸಿದ್ದೆ. ಯಾರೂ ಏನೂ ಅಂದಿರಲಿಲ್ಲ, ನನಗೂ ಅದು ಒಗ್ಗರಣೆ ಹಾಕಿದಷ್ಟೇ ಅಭ್ಯಾಸವಾಗಿತ್ತು.

ಹೀಗಿರುವಾಗ ಪೀಣ್ಯದ ಶಾಂತವ್ವನ ಮನೆ ಬಂತು.

ಶಾಂತವ್ವ ಕೊಪ್ಪಳದ ಕಡೆಯವರು. ಗಂಡ ತೀರಿಕೊಂಡ ಮೇಲೆ ಕೂಸನ್ನು ಕಟ್ಟಿಕೊಂಡು ಬಂದು, ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಾಲರು ಹೊಲಿದು, ಎರಡನೇ ಮಹಡಿಯಲ್ಲಿ ಒಂದು ಸಣ್ಣ ಮನೆ ಕೊಂಡಿದ್ದರು. ಮಗ ಬಸವರಾಜ, ಬಸು ಎನ್ನುತ್ತಿದ್ದರು, ಮೆಷಿನ್ ಶಾಪಿನಲ್ಲಿ ಕೆಲಸಕ್ಕಿದ್ದ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬೈಕಿನಿಂದ ಬಿದ್ದ. ಬೆನ್ನುಮೂಳೆಗೆ ಏಟಾಗಿ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಆ ಕಟ್ಟಡಕ್ಕೆ ಲಿಫ್ಟಿಲ್ಲ. ಆಸ್ಪತ್ರೆಗೆ ಹೋಗಬೇಕೆಂದರೆ ಅಕ್ಕಪಕ್ಕದ ನಾಲ್ವರು ಅವನನ್ನು ಕುರ್ಚಿ ಸಮೇತ ಎತ್ತಿ ಇಳಿಸಬೇಕು. ವರ್ಷದಲ್ಲಿ ಅವನು ಬೀದಿ ಕಂಡದ್ದು ಆಸ್ಪತ್ರೆಗೆ ಹೋದ ದಿನಗಳಲ್ಲಿ ಮಾತ್ರ. ಈ ಮನೆ ಮಾರಿ ನೆಲಮಹಡಿಯಲ್ಲೊಂದು ಮನೆ ಹಿಡಿಯಬೇಕು, ಮಗ ತಾನೇ ಚಕ್ರ ತಳ್ಳಿಕೊಂಡು ಹೊರಗೆ ಹೋಗಿ ಬರಬೇಕು, ಶಾಂತವ್ವನಿಗೆ ಇದ್ದದ್ದು ಇದೊಂದೇ ಆಸೆ. ದಾಸರಹಳ್ಳಿ ಕಡೆ ಒಂದನ್ನು ನೋಡಿಯೂ ಇಟ್ಟಿದ್ದರು. ಅದರ ಓನರ್ ಮೂರು ತಿಂಗಳು ಕಾಯುತ್ತೇನೆ ಎಂದಿದ್ದರು.

ನಾನು ಹೋಗಿ ನನ್ನ ಕೆಲಸ ಶುರು ಮಾಡಿದೆ. ದೇವರ ಪಟ ಇಳಿಸಿದೆ, ಕ್ಯಾಲೆಂಡರು ಕಿತ್ತೆ, ಔಷಧಿ ಡಬ್ಬಗಳನ್ನು ಮಂಚದ ಕೆಳಗೆ ತಳ್ಳಿದೆ. ಬಸು ಗಾಲಿಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ. ಕೊನೆಗೆ ಅವನನ್ನೂ ಒಳಕೋಣೆಗೆ ತಳ್ಳಿಕೊಂಡು ಹೋಗುವಾಗ, "ನನ್ನನ್ನ ಆ ಕ್ಯಾಲೆಂಡರ್ ಪಕ್ಕಾನೇ ಇಡಿ ಮೇಡಂ, ಹುಡುಕೋಕೆ ಸುಲಭ ಆಗುತ್ತೆ" ಎಂದ. ಶಾಂತವ್ವನೂ ನಕ್ಕರು, ನಾನೂ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಾಲಿನ ಒಳತುದಿಯಲ್ಲಿ ಕೂತು ಬಾಗಿಲಿನ ಕಡೆಗೆ ಮುಖ ಮಾಡಿ ತೆಗೆದ ಫೋಟೋ ತುಂಬಾ ಚೆನ್ನಾಗಿ ಬಂತು. ಎದುರಿಗೆ ಮುಂಬಾಗಿಲು, ಅದರ ಪಕ್ಕಕ್ಕೆ ಅಡುಗೆಮನೆ, ಒಲೆಯ ತನಕ ಕಾಣುತ್ತಿತ್ತು. ಕಿಟಕಿ ಬಲಗಡೆ ಇತ್ತು. ಆಫೀಸಿಗೆ ಬಂದು ಗುಂಡಿ ಒತ್ತಿದೆ, ಬೆಳಕು ಎಡಕ್ಕೆ ಬಂತು, ಪ್ರದೀಪ್ ಸಾರ್ "ಬ್ಯೂಟಿಫುಲ್" ಎಂದರು, ಪೂರ್ವದ ಬಾಗಿಲು ಅಂತ ಕೆಳಗೆ ಬರೆದು ಹಾಕಿದೆವು.

ಒಬ್ಬರೂ ಬರಲಿಲ್ಲ. ಫೋನು ಬರುತ್ತಿದ್ದವು, ಮನೆ ನೋಡಲು ಯಾರೂ ಬರುತ್ತಿರಲಿಲ್ಲ. ಫೋನ್ ತೆಗೆದುಕೊಳ್ಳುವ ಹುಡುಗಿ ಒಂದೇ ಸಮನೆ 'ವಾಸ್ತು ಸರಿ ಇಲ್ಲವಂತೆ' ಎಂದು ಬರೆದಿಡುತ್ತಿದ್ದಳು. ಈ ಊರಿನಲ್ಲಿ ವಾಸ್ತು ತಕರಾರು ಯಾವ ಮನೆಗಿಲ್ಲ, ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಅದನ್ನೇ ಶಾಂತವ್ವನಿಗೂ ಫೋನಿನಲ್ಲಿ ಹೇಳಿದ್ದಳು. ಮೂರು ತಿಂಗಳು ದಾಟಿತು, ದಾಸರಹಳ್ಳಿಯ ಮನೆ ಬೇರೆಯವರ ಪಾಲಾಯಿತು. ಆಗ ಪ್ರದೀಪ್ ಸಾರ್, "ಫೋಟೋ ಹಳೇದಾಯ್ತು, ಇನ್ನೊಂದ್ಸಲ ತಕ್ಕೊಂಡು ಬನ್ನಿ" ಎಂದು ನನ್ನನ್ನು ಕಳಿಸಿದರು.

ಬೆಳಿಗ್ಗೆ ಹತ್ತಕ್ಕೆ ಹೋದೆ. ಬಾಗಿಲು ತೆರೆದರೆ ಗ್ಯಾಸ್ ಒಲೆ ಹಾಲಿನಲ್ಲಿತ್ತು. ದೇವರ ಮಂದಾಸನ ಬಚ್ಚಲ ಗೋಡೆಗೆ ಬಂದಿತ್ತು. ಕಿಟಕಿಯ ಬಳಿ ಇದ್ದ ಬಸುವಿನ ಮಂಚ ಎದುರುಗೋಡೆಗೆ ಹೋಗಿತ್ತು, ಅವನು ಗೋಡೆ ನೋಡುತ್ತಾ ಮಲಗಿದ್ದ.

"ಏನಿದು ಶಾಂತವ್ವ, ಮನೆಯೆಲ್ಲಾ ಅದಲುಬದಲು?"

"ವಾಸ್ತು ಸರಿ ಇಲ್ಲ ಅಂದ್ರಲ್ರೀ ಅಕ್ಕಾರ ನಿಮ್ಮ ಆಫೀಸಿನ್ಯಾಗ. ಏನು ತಪ್ಪೈತಿ ಅಂತ ಯಾರೂ ಹೇಳ್ಲಿಲ್ಲ. ಅದಕ್ಕ ಒಂದೊಂದ ಸರಿಸಿ ಸರಿಸಿ ನೋಡಾಕತ್ತೀನಿ" ಎಂದರು. ಕೈಯಲ್ಲಿದ್ದ ಸೆರಗನ್ನು ಹಿಂಡುತ್ತಾ, ದನಿ ಇಳಿಸಿ, "ಮನಿ ತೊಗೋಬೇಕಾದ್ರ ನಾನು ಯಾರನ್ನೂ ಕೇಳ್ಲಿಲ್ರಿ. ಕೇಳಿದ್ದರ ನನ್ನ ಮಗ ಬೀಳ್ತಿದ್ದಿಲ್ಲೇನೋ" ಎಂದರು.

ಮಾತು ತಪ್ಪಿಸಲು ಫೋನು ತೆಗೆದು ಬಸುವಿಗೆ ಹಳೆಯ ಫೋಟೋ ತೋರಿಸಿದೆ. ಅದುವರೆಗೂ ಅವನು ಅದನ್ನು ನೋಡಿರಲಿಲ್ಲ. ತನ್ನ ದೆಸೆಯಿಂದ ಅಮ್ಮನ ಮನೆ ಹೋಗುತ್ತಿದೆ, ನೋಡಲು ಮನಸ್ಸಾಗಲಿಲ್ಲ ಅಂತ ಆಮೇಲೆ ಹೇಳಿದ. ಆಗ ಮಾತ್ರ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, "ಮೇಡಂ, ಇದು ನಮ್ಮನೆ ಅಲ್ಲ" ಎಂದ.

"ನಿಮ್ಮನೇನೇ ಕಣೋ, ನಾನೇ ತೆಗೆದಿದ್ದಲ್ವಾ."

"ಅಲ್ಲ ಮೇಡಂ. ಇದರಲ್ಲಿ ಕಿಟಕಿ ಎಡಗಡೆ ಇದೆ. ಒಂದು ವರ್ಷಕ್ಕೂ ಮೇಲೆ ಅದನ್ನೇ ನೋಡ್ಕೊಂಡು ಮಲಗಿದೀನಿ, ನಂಗೆ ಗೊತ್ತಾಗಲ್ವಾ? ಅಡುಗೆಮನೇನೂ ಆ ಕಡೆ ಹೋಗ್ಬಿಟ್ಟಿದೆ."

ಫೋನು ಹಿಡಿದು ಹಾಲಿನ ಒಳತುದಿಗೆ ಹೋಗಿ ನಿಂತೆ. ಎದುರಿಗೆ ಪೂರ್ವದ ಬಾಗಿಲು. ನನ್ನ ಬಲಗೈ ಕಡೆ ಅಡುಗೆಮನೆ, ಅಂದರೆ ಆಗ್ನೇಯ, ಒಲೆ ಎಲ್ಲಿರಬೇಕು ಅನ್ನುತ್ತಾರೋ ಅಲ್ಲೇ. ಫೋನಿನಲ್ಲಿ ಅದು ಎಡಕ್ಕಿತ್ತು, ಈಶಾನ್ಯದಲ್ಲಿ, ದೇವರನ್ನು ಕೂರಿಸುವ ಮೂಲೆಯಲ್ಲಿ. ಬಾಗಿಲು ಪೂರ್ವಕ್ಕೆ ಅಂತ ನಾವೇ ಬರೆದಿದ್ದೆವು, ನೋಡಿದವರು ಲೆಕ್ಕ ಹಾಕಿ ಈಶಾನ್ಯದಲ್ಲಿ ಬೆಂಕಿ ಅಂದುಕೊಂಡು ಮುಂದೆ ಹೋಗಿದ್ದರು. ಎಡ ಬಲ ತಿರುಗಿದ್ದನ್ನು ಹಿಡಿದುಕೊಡಲು ಫೋಟೋದಲ್ಲಿ ಒಂದು ಅಕ್ಷರವೂ ಇರಲಿಲ್ಲ, ಎಲ್ಲವನ್ನೂ ನಾನೇ ಕಿತ್ತಿಟ್ಟಿದ್ದೆ.

ನಿಜ ಹೇಳಿಬಿಡುತ್ತೇನೆ, ಸುಮ್ಮನೆ ಹೊಸ ಫೋಟೋ ತೆಗೆದುಕೊಂಡು ಹೊರಟುಬಿಡೋಣ ಅನ್ನಿಸಿತು. ಯಾರಿಗೂ ತಿಳಿಯುತ್ತಿರಲಿಲ್ಲ. ಬಸು ತಪ್ಪು ಕಂಡಿದ್ದ, ಅದರಿಂದ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಆ ಹೆಂಗಸು ಸೆರಗು ಹಿಂಡುತ್ತಾ ನಿಂತೇ ಇದ್ದರು. ಮಗ ಬಿದ್ದದ್ದು ತನ್ನ ಮನೆಯ ದೋಷದಿಂದ ಅಂತ ನಂಬಿಕೊಂಡು ಅವರು ಸಾಯುವವರೆಗೂ ಇರಬೇಕಿತ್ತೇ?

"ಶಾಂತವ್ವ, ತಪ್ಪು ನಿಮ್ಮ ಮನೇದಲ್ಲ, ನಂದು" ಎಂದೆ. ಗುಂಡಿ ಒತ್ತಿದ್ದು, ಅಡುಗೆಮನೆ ತಿರುಗಿದ್ದು, ಜನ ಬಾರದೇ ಹೋದದ್ದು, ಎಲ್ಲವನ್ನೂ ಹೇಳಿದೆ. ದಾಸರಹಳ್ಳಿಯ ಮನೆ ಕೈತಪ್ಪಿದ್ದೂ ನನ್ನಿಂದಲೇ ಎಂದೆ. ಚೆನ್ನಾಗಿ ಬೈಯಲಿ ಅಂತ ಕಾದೆ.

ಅವರು ಮಂಚದ ತುದಿಯಲ್ಲಿ ಕೂತರು. "ಹಂಗಾರ ನಮ್ಮ ಮನಿ ಸರಿ ಐತೇನ್ರೀ?"

"ಸರಿ ಇದೆ."

"ಒಲಿ?"

"ಒಲೆ ಎಲ್ಲಿರಬೇಕೋ ಅಲ್ಲೇ ಇತ್ತು. ನಿಮ್ಮ ಮನೇಲಿ ಏನೂ ದೋಷ ಇಲ್ಲ ಶಾಂತವ್ವ."

"ಮೊದಲಿಂದನೂ ಸರಿ ಇತ್ತೇನ್ರೀ?" ಎಂದು ಮತ್ತೆ ಕೇಳಿದರು. ಹೌದು ಎಂದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ. ಬಸು ಮಲಗಿದಲ್ಲಿಂದಲೇ ಕೈ ಚಾಚಿ ತಾಯಿಯ ಬೆನ್ನು ಸವರುತ್ತಿದ್ದ.

ಆಮೇಲೆ ಶಾಂತವ್ವ ಎದ್ದು ಒಲೆಯ ಒಂದು ಬದಿ ಹಿಡಿದು ನನ್ನ ಮುಖ ನೋಡಿದರು. ಇನ್ನೊಂದು ಬದಿ ನಾನು ಹಿಡಿದೆ. ಒಲೆ ಅಡುಗೆಮನೆಗೆ ಹೋಯಿತು, ದೇವರು ತನ್ನ ಜಾಗಕ್ಕೆ ಹೋದ, ಮಂಚವನ್ನು ಬಸು ಸಮೇತ ಕಿಟಕಿಗೆ ಎಳೆದೆವು. ನಾನು ಕ್ಯಾಮೆರಾ ಎತ್ತಿಕೊಂಡರೆ ಬಸು, "ಇನ್ನೊಂದು ಕಾಲು ಗಂಟೆ ತಡೀರಿ ಮೇಡಂ. ಹತ್ತೂಮುಕ್ಕಾಲಿಗೆ ಬಿಸಿಲು ಅಡುಗೆಮನೆ ಹೊಸಿಲಿಗೆ ಬರುತ್ತೆ, ಆಗ ಚೆನ್ನಾಗಿರುತ್ತೆ" ಎಂದ. ಅವನ ಮಾತಿನಂತೆ ಕಾದೆ. ಹಾಲಿಡೀ ಬೆಳಗಿತು. ಅಷ್ಟು ವರ್ಷ ಕೆಲಸ ಮಾಡಿದವಳು, ಮನೆ ಯಾವ ಹೊತ್ತಿಗೆ ಚೆನ್ನಾಗಿ ಕಾಣುತ್ತದೆಂದು ಅಲ್ಲಿ ಇರುವವರನ್ನು ಒಂದು ದಿನವೂ ಕೇಳಿರಲಿಲ್ಲ. ನೀವು ಕೇಳಿ.

ಕ್ಯಾಲೆಂಡರನ್ನು ಗೋಡೆಯ ಮೇಲೇ ಬಿಟ್ಟು ತೆಗೆದಿದ್ದೆ. ಪ್ರದೀಪ್ ಸಾರ್ ಅದನ್ನು ನೋಡಿ ಮುಖ ಸಿಂಡರಿಸಿದರು. "ಸಾರ್, ಅವತ್ತು ಇದು ಇದ್ದಿದ್ರೆ ಅಕ್ಷರ ತಿರುಗಾಮುರುಗಾ ಕಾಣ್ತಿತ್ತು. ಆವತ್ತೇ ಗೊತ್ತಾಗ್ತಿತ್ತು" ಎಂದು ನಡೆದದ್ದನ್ನೆಲ್ಲಾ ಹೇಳಿದೆ. ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಾವೇ ಶಾಂತವ್ವನಿಗೆ ಫೋನು ಮಾಡಿ, "ನಮ್ಮಿಂದ ತಪ್ಪಾಯ್ತಮ್ಮ" ಎಂದರು. ಅದಾದ ಮೇಲೆ ನಮ್ಮ ಆಫೀಸಿನಲ್ಲಿ ಯಾರೂ ಫೋಟೋ ತಿರುಗಿಸಲಿಲ್ಲ. ಈಗ ಬರೀ ಗೋಡೆ ತೆಗೆದು ಕೊಟ್ಟರೆ ಯಂತ್ರವೇ ಸೋಫಾ, ಪರದೆ, ಹೂಕುಂಡ ಎಲ್ಲವನ್ನೂ ಹಾಕಿಕೊಡುತ್ತದಂತೆ. ಹಾಕಲಿ, ಬಾಗಿಲು ಎಲ್ಲಿದೆಯೋ ಅಲ್ಲೇ ಇರಲಿ.

ಮನೆ ತಿಂಗಳೊಳಗೆ ಹೋಯಿತು. ಕೊಂಡವರು ಗಾರ್ಮೆಂಟ್ಸ್‌ನಲ್ಲೇ ಸೂಪರ್‌ವೈಸರ್ ಆಗಿದ್ದ ಹೆಂಗಸು. ಫೋನು ಹಿಡಿದು ನಾನು ನಿಂತ ಜಾಗದಲ್ಲೇ ನಿಂತು, ಒಮ್ಮೆ ಫೋನು ಒಮ್ಮೆ ಮನೆ ನೋಡಿ, "ಫೋಟೋದಲ್ಲಿ ಇರೋ ಹಂಗೇ ಇದೆ" ಎಂದರು. ನನ್ನ ಕೆಲಸಕ್ಕೆ ಯಾರಾದರೂ ಕೊಟ್ಟ ದೊಡ್ಡ ಮರ್ಯಾದೆ ಅಂದರೆ ಅದೇ.

ಶಾಂತವ್ವನಿಗೆ ಎರಡು ಬೀದಿ ಆಚೆ ಒಂದು ನೆಲಮನೆ ಸಿಕ್ಕಿತು. ಮೊದಲಿನದಕ್ಕಿಂತ ಚಿಕ್ಕದು, ಬಾಗಿಲು ದಕ್ಷಿಣಕ್ಕೆ. "ದಕ್ಷಿಣ ಪರವಾಗಿಲ್ವಾ?" ಎಂದು ನಾನೇ ಕೇಳಿದೆ. "ಕುರ್ಚಿ ಹೊರಗ ಹೋಗ್ತೈತಲ್ರೀ, ಸಾಕು" ಎಂದರು. ಹೊಸಿಲಿಗೆ ಇಳಿಜಾರು ಮಾಡಿಸಿದ್ದರು.

ಅವರು ಸೇರಿಕೊಂಡ ಮೂರನೇ ದಿನವೋ ನಾಲ್ಕನೇ ದಿನವೋ ಸಂಜೆ ಹೋಗಿದ್ದೆ. ಬಸು ಮನೆಯಲ್ಲಿರಲಿಲ್ಲ. ಮೂಲೆಯ ತರಕಾರಿ ಗಾಡಿಗೆ ಕೊತ್ತಂಬರಿ ತರಲು ಹೋಗಿದ್ದಾನೆ, ಒಬ್ಬನೇ, ಇದೇ ಮೊದಲು ಎಂದರು. ನನಗೆ ಚಹಾ ಕೊಟ್ಟವರು ಕೂರಲಿಲ್ಲ. ಗೇಟಿಗೆ ಹೋಗುವರು, ಒಳಗೆ ಬರುವರು, ಮತ್ತೆ ಹೋಗುವರು. ಮೂರನೇ ಸಲ ಹೋದಾಗ ಬಸು ಬಂದ. ಶರ್ಟೆಲ್ಲಾ ಬೆವತಿತ್ತು, ಅಂಗೈ ಕಪ್ಪಾಗಿತ್ತು, ತೊಡೆಯ ಮೇಲೆ ಸೊಪ್ಪಿನ ಕಟ್ಟಿತ್ತು. ಶಾಂತವ್ವ ಅದನ್ನೆತ್ತಿ ಮೂಸಿ ನೋಡಿದರು.

"ಕೊತ್ತಂಬರಿ ತಾ ಅಂದ್ರ ಸಬ್ಬಸಗಿ ತಂದಿ ಏನೋ? ಕಣ್ಣು ಎಲ್ಲಿಟ್ಟಿದ್ದಿ? ಇಷ್ಟು ದೊಡ್ಡಾಂವ ಆದಿ, ಸೊಪ್ಪು ಯಾವುದಂತ ತಿಳಿಯಂಗಿಲ್ಲ ನಿನಗ?"

"ಹೋಗ್ಲಿ ಬಿಡಿ ಶಾಂತವ್ವ, ಮೊದಲನೇ ಸಲ" ಎಂದು ನಾನು ಅಡ್ಡ ಬಂದೆ.

ಬಸು ನನ್ನ ಕಡೆ ಕೈ ತೋರಿಸಿ ಸುಮ್ಮನಿರಿಸಿದ. "ಬೈಲಿ ಬಿಡಿ ಮೇಡಂ. ಬಿದ್ದಾಗಿನಿಂದ ಅಮ್ಮ ನನ್ನ ಒಂದು ದಿನಾನೂ ಬೈದಿಲ್ಲ."

ಶಾಂತವ್ವ ಬಾಯಿ ತೆರೆದವರು ಹಾಗೇ ನಿಂತರು. ಕಣ್ಣು ತುಂಬಿ ಬಂತು. ಒಂದು ಗಳಿಗೆ ಅಷ್ಟೇ. ಆಮೇಲೆ ಸೊಪ್ಪಿನ ಕಟ್ಟನ್ನು ಅವನ ತೊಡೆಯ ಮೇಲೆ ವಾಪಸ್ ಇಟ್ಟು, "ತಿರುಗಿ ಹೋಗು. ಬದಲಿ ಮಾಡ್ಕೊಂಡು ಬಾ" ಎಂದರು.

ಅವನು ಕುರ್ಚಿ ತಿರುಗಿಸಿಕೊಂಡು ಹೊರಟ. ಈ ಸಲ ಅವರು ಗೇಟಿನ ತನಕ ಹೋಗಲಿಲ್ಲ. ಒಳಗೆ ಬಂದು ನನ್ನ ಪಕ್ಕ ಕೂತು ಈರುಳ್ಳಿ ಹೆಚ್ಚತೊಡಗಿದರು.